ಸಣ್ಣ ಗಾಲಿಗೆ ಹೊಸ ಬ್ರೇಕು

ಹೋದ ವಾರ ಯಾದಗಿರಿಯಿಂದ ಶಹಾಪುರಕ್ಕೆ ಬರುವ ಬಸ್ಸಿನಲ್ಲಿ ಬ್ರೇಕ್ ಲೈನರ್ ಸುಟ್ಟ ವಾಸನೆ ಬಂತು. ರಸ್ತೆಗೆ ಅಡ್ಡ ಬಂದ ಕುರಿ ಹಿಂಡನ್ನು ಉಳಿಸಲು ಡ್ರೈವರ್ ಒಮ್ಮೆಲೇ ಬ್ರೇಕ್ ಒತ್ತಿದ್ದ. ಕುರಿಗಳು ಉಳಿದವು, ನಾವೆಲ್ಲ ಮುಂದಿನ ಸೀಟಿಗೆ ಹಣೆ ಬಡಿದುಕೊಂಡೆವು. ಹೋಗಿದ್ದ ಮದುವೆ ಮನೆಯ ಗದ್ದಲ, ಬಿಸಿಲು, ಅರ್ಧ ದಾರಿ ನಿಂತೇ ಬಂದ ಪ್ರಯಾಣ... ನನಗೆ ಆಗಲೇ ಸಾಕುಸಾಕಾಗಿತ್ತು. ಪಕ್ಕದ ಹೆಂಗಸು ಮೂಗಿಗೆ ಸೆರಗು ಹಿಡಿದಳು. ನನಗೆ ಮಾತ್ರ ಅದು ಹೊಸ ವಾಸನೆಯಾಗಿರಲಿಲ್ಲ. ಒಂದು ಕಾಲಕ್ಕೆ ದಿನಾ ಸಂಜೆ ನಮ್ಮ ಅಂಗಳಕ್ಕೆ ಬರುತ್ತಿದ್ದ ವಾಸನೆ ಅದು.

ಕಾಲುವೆಗೆ ನೀರು ಬಿಡಲು ಶುರುಮಾಡಿದ ವರ್ಷಗಳವು. ಕಾಲುವೆ ಕೆಲಸದವರಿಗೆಂದು ಶಹಾಪುರದಾಚೆ ಕಟ್ಟಿದ್ದ ಕ್ಯಾಂಪಿನ ಶಾಲೆಗೆ ನಾನು ಹೊಸದಾಗಿ ಟೀಚರಾಗಿ ಬಂದಿದ್ದೆ. ಪಕ್ಕದ ಕ್ವಾರ್ಟರ್ಸಿನಲ್ಲಿ ಒಬ್ಬ ಜೀಪ್ ಡ್ರೈವರು ಇದ್ದರು. ಇಡೀ ಕ್ಯಾಂಪಿಗೆ ಅವರು ಕಾಕಾ, ಅವರ ಹೆಂಡತಿ ಕಾಕಿ. ಮಕ್ಕಳಿರಲಿಲ್ಲ. ಕಾಕಾ ಮಾತು ಕಡಿಮೆ, ಆಡಿದರೂ ಗಾಡಿಯ ಬಗ್ಗೆಯೇ. ಕಾಲುವೆ ಏರಿಯ ಮೇಲೆ ಇಷ್ಟು ವರ್ಷ ಜೀಪು ಓಡಿಸಿದರೂ ತಮ್ಮ ಗಾಲಿಯ ಕೆಳಗೆ ಒಂದು ಕೋಳಿಮರಿ ಸತ್ತಿಲ್ಲ ಎಂಬುದು ಅವರ ದೊಡ್ಡ ಹೆಮ್ಮೆ. ಸರ್ಕಾರಿ ಜೀಪಿನಲ್ಲಿ ಹೆಂಡತಿಯನ್ನು ಒಂದು ದಿನವೂ ಕೂರಿಸಿದವರಲ್ಲ. ಕಾಕಿ ಸಂತೆಗೆ ಹೋಗುವಾಗ ಪಕ್ಕದಲ್ಲೇ ಧೂಳೆಬ್ಬಿಸಿ ಹೋಗುತ್ತಿದ್ದರಂತೆ, ನಿಲ್ಲಿಸುತ್ತಿರಲಿಲ್ಲವಂತೆ. ಆ ನಿಯತ್ತು ನೋಡಿ ನನಗೆ ನಗಬೇಕೋ ಬೈಯಬೇಕೋ ತಿಳಿಯುತ್ತಿರಲಿಲ್ಲ.

ಬಹುಶಃ ಅದಕ್ಕೇ ಇರಬೇಕು, ಕಾಕಾ ಒಂದು ಹಳೆಯ ಕಾರು ತಂದರು. ಯಾರ ಯಾರ ಕೈಯಲ್ಲೋ ದುಡಿದು ಸುಣ್ಣವಾದ ಕಾರು, ಗಾಲಿಗಳಂತೂ ಮಕ್ಕಳ ಆಟಿಕೆಯವು ಅನ್ನುವಷ್ಟು ಸಣ್ಣವು. ಸುತ್ತಲೂ ಆಗ ಭತ್ತದ ಗದ್ದೆಗಳಾಗುತ್ತಿದ್ದ ಕಾಲ. ಗಾಲಿಗೆ ಒಂದಿಷ್ಟು ಯೂರಿಯಾ ಹಾಕಿದರೆ ಬೆಳೆದಾವು ಎಂದು ಕ್ಯಾಂಪಿನವರು ಕಾಡಿಸುತ್ತಿದ್ದರು. ಕಾಕಿಗೆ ಮಾತ್ರ ಆ ಕಾರೆಂದರೆ ಪ್ರಾಣ. ರವಿವಾರ ಬಂತೆಂದರೆ ಇಳಕಲ್ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕೂತು, ಮೊಣಕೈಯನ್ನು ಕಿಟಕಿಯ ಮೇಲಿಟ್ಟು ಹೊರಡುವರು. ಸುರಪುರ, ತಿಂಥಣಿಯ ಮೌನೇಶ್ವರ, ಇಲ್ಲವೇ ಸುಮ್ಮನೆ ಕಾಲುವೆ ಏರಿಯ ಮೇಲೆ ಒಂದು ಸುತ್ತು. ಒಂದೆರಡು ಸಲ ನಾನೂ ಹಿಂದೆ ಕೂತು ಹೋಗಿದ್ದೇನೆ. ದಾರಿಯುದ್ದಕ್ಕೂ ಕಾಕಿಯ ಮಾತು, ಕಾಕಾನ ಹೂಂಗುಟ್ಟುವಿಕೆ. ಅವರಿಬ್ಬರನ್ನು ಅಷ್ಟು ಖುಷಿಯಲ್ಲಿ ನಾನು ಬೇರೆಲ್ಲೂ ಕಂಡಿಲ್ಲ.

ಆಯುಧ ಪೂಜೆಯ ದಿನ ಕ್ಯಾಂಪಿನ ಗಾಡಿಗಳೆಲ್ಲ ಸಣ್ಣ ಕಾಲುವೆಯಲ್ಲಿ ಮೀಯುವುದು ವಾಡಿಕೆ. ಎಮ್ಮೆ ಇಳಿಯಲೆಂದು ಮಾಡಿದ್ದ ಇಳಿಜಾರಿನಲ್ಲಿ ಗಾಡಿ ಇಳಿಸಿ, ಬಕೆಟ್ಟಿನಿಂದ ನೀರು ಸುರಿದು ತೊಳೆಯುತ್ತಿದ್ದರು. ವರ್ಷವೂ ಜೀಪು ನಿಲ್ಲಿಸುತ್ತಿದ್ದ ಜಾಗದಲ್ಲೇ ಕಾಕಾ ಆ ಸಲ ತಮ್ಮ ಕಾರನ್ನೂ ನಿಲ್ಲಿಸಿದರು. ಅಲ್ಲಿ ಜೀಪಿನ ಟಾಯರಷ್ಟೇ ನೆನೆಯುತ್ತಿತ್ತು, ಇದರ ಗಾಲಿ ಪೂರ್ತಿ ಮುಳುಗಿತು. ಗಾಲಿಯೊಳಗಿನ ಡಬ್ಬಿಯಂಥ ಹಳೆಯ ಬ್ರೇಕುಗಳೊಳಗೆ ನೀರು ಹೊಕ್ಕಿತು. ಹಾಗೆ ನೆನೆದ ಬ್ರೇಕು ಹಿಡಿಯದು ಎಂಬುದು ಅಷ್ಟು ವರ್ಷದ ಡ್ರೈವರಿಗೆ ಹೊಳೆಯದೇ ಹೋಯಿತು, ಕೈಗೆ ಜೀಪಿನ ರೂಢಿ ಅಷ್ಟು ಬಿದ್ದಿತ್ತು.

ನಮ್ಮ ಕ್ವಾರ್ಟರ್ಸು ಕಾಲುವೆ ಏರಿಯ ಕೆಳಗೇ ಇದ್ದವು. ಏರಿಯಿಂದ ಇಳಿದರೆ ಸೀದಾ ಅಂಗಳ. ಕಾಕಿ ಅಂಗಳದಲ್ಲಿ ರಂಗೋಲಿ ಹಾಕಿ, ಕಾರು ಬಂದು ನಿಲ್ಲಬೇಕಾದ ಜಾಗದ ಮುಂದೆ ಆರತಿ ತಟ್ಟೆ ಹಿಡಿದು ನಿಂತಿದ್ದರು. ಗಾಲಿಯ ಕೆಳಗಿಡುವ ನಿಂಬೆಹಣ್ಣುಗಳೂ ತಟ್ಟೆಯಲ್ಲೇ ಇದ್ದವು. ನಾನು ನಮ್ಮ ಬಾಗಿಲಲ್ಲಿದ್ದೆ. ಕಾರು ನಿಧಾನವಾಗಿಯೇ ಇಳಿಯಿತು, ನಿಲ್ಲಲಿಲ್ಲ ಅಷ್ಟೇ. ಕಾಕಾ ಬ್ರೇಕಿನ ಮೇಲೆ ಎದ್ದು ನಿಂತದ್ದು ಗಾಜಿನೊಳಗಿಂದ ಕಾಣುತ್ತಿತ್ತು. ಕಾಕಿ ಸರಿಯಲಿಲ್ಲ... ಗಂಡ ಓಡಿಸುವ ಗಾಡಿ ನಿಲ್ಲದೇ ಹೋದೀತು ಎಂದು ಅವರಿಗೆ ಅನಿಸಿರಲೇ ಇಲ್ಲ.

ಬಲಗಾಲು ಎರಡು ಕಡೆ ಮುರಿದಿತ್ತು. ಕಲಬುರಗಿಯ ದವಾಖಾನೆಯಿಂದ ಕಾಕಿ ಮನೆಗೆ ಬರುವ ಹೊತ್ತಿಗೆ ಚಳಿಗಾಲ ಕಳೆದಿತ್ತು. ಕಾಲು ಒಂದಿಷ್ಟು ಗಿಡ್ಡವಾಗಿ ಕೂಡಿಕೊಂಡಿತ್ತು, ಕೋಲು ಬಂತು. ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ನಾನು ಹೋಗಿ ಎಣ್ಣೆ ಕಾಯಿಸಿ ಕಾಲಿಗೆ ಹಚ್ಚುತ್ತಿದ್ದೆ. ಕಾಕಿ ಗಂಡನನ್ನು ಒಂದು ಮಾತು ಅಂದದ್ದು ನಾನು ಕೇಳಲಿಲ್ಲ. ಅನ್ನಬಹುದಿತ್ತು, ಅಂದಿದ್ದರೆ ಚೆನ್ನಾಗಿರುತ್ತಿತ್ತು ಎಂದು ಈಗ ಅನಿಸುತ್ತದೆ. ಗಂಡನ ಮಾತು ಕಡಿಮೆಯಿದ್ದ ಮನೆಯಲ್ಲಿ ಹೆಂಡತಿಯ ಮಾತೂ ನಿಂತಿತು.

ಕಾಕಾ ಬ್ರೇಕಿನ ಬೆನ್ನು ಹತ್ತಿದರು. ಶಹಾಪುರದ ಮಿಸ್ತ್ರಿ ಹೊಸ ಲೈನರ್ ಹಾಕಿಕೊಟ್ಟ, ಅದು ಅವರಿಗೆ ಸಾಲಲಿಲ್ಲ. ನೀರು ನಿಲ್ಲದಂಥ, ಬಯಲಿಗೆ ತೆರೆದ ಡಿಸ್ಕ್ ಬ್ರೇಕೇ ಬೇಕೆಂದು ಹಟ ಹಿಡಿದರು. ಡಿಸ್ಕ್ ಏನೋ ಸಿಗುತ್ತಿತ್ತು, ಈ ಸಣ್ಣ ಗಾಲಿಯೊಳಗೆ ಅದು ಕೂರಬೇಕಲ್ಲ. ಹೈದರಾಬಾದಿನ ಗುಜರಿಯಲ್ಲಿ ಹುಡುಕಿ ತಂದದ್ದು ಗಾಲಿಗೆ ತಾಗಿತು. ದೊಡ್ಡ ಗಾಲಿ ಹಾಕಿ ನೋಡಿದರು, ತಿರುವಿನಲ್ಲಿ ಟಾಯರು ಮಡ್‌ಗಾರ್ಡಿಗೆ ಉಜ್ಜಿ ಕಿರುಗುಟ್ಟಿತು. ಸೋಲಾಪುರಕ್ಕೆ ಹೋದರು, ಮತ್ತೆ ಹೈದರಾಬಾದು. ರಜೆಯೆಲ್ಲ ಅದಕ್ಕೇ ಹೋಯಿತು. ಹೊಸ ಕಾರನ್ನೇ ತರಬಾರದೇ ಎಂದು ಮಿಸ್ತ್ರಿ ಕೇಳಿದರೆ ಇದೇ ಕಾರು ನಿಲ್ಲಬೇಕು ಅಂದರಂತೆ. ಕೊನೆಗೆ ಯಾವುದೋ ಬೇರೆ ಹಳೆಯ ಗಾಡಿಯ ಸಣ್ಣ ಡಿಸ್ಕು ಸಿಕ್ಕಿತು. ಗಾಲಿಗೂ ಅದಕ್ಕೂ ನಡುವೆ ಬೆರಳು ತೂರುವಷ್ಟು ಜಾಗ ಉಳಿಯಿತು.

ಆಮೇಲೆ ಶುರುವಾಯಿತು ಸಂಜೆಯ ಪರೀಕ್ಷೆ. ಕಾರನ್ನು ಕಾಲುವೆಗೆ ಇಳಿಸಿ ಗಾಲಿ ನೆನೆಸುವುದು, ಏರಿ ಹತ್ತಿಸುವುದು, ಇಳಿಜಾರಿನಲ್ಲಿ ಬಿಟ್ಟು ಬ್ರೇಕ್ ಒತ್ತುವುದು. ಕಾಕಿ ಆವತ್ತು ನಿಂತಿದ್ದ ಜಾಗದಲ್ಲಿ ಒಂದು ಸೀಮೆಎಣ್ಣೆಯ ಡಬ್ಬಿ ಇಟ್ಟಿರುತ್ತಿದ್ದರು. ಕಾರು ಡಬ್ಬಿಗೆ ತಾಗದೆ ಮೊದಲೇ ನಿಲ್ಲುತ್ತಿತ್ತು. ಆದರೂ ಮತ್ತೆ ಏರಿ ಹತ್ತಿಸಿ ಮತ್ತೆ ಇಳಿಸುವರು, ಕಾದ ಬ್ರೇಕಿನ ವಾಸನೆ ಅಂಗಳವೆಲ್ಲ ತುಂಬುವವರೆಗೆ. ಒಳಗೆ ಕಾಕಿ ರೊಟ್ಟಿ ಬಡಿಯುವ ಸದ್ದು ಆ ಹೊತ್ತಿನಲ್ಲಿ ನಿಂತುಬಿಡುತ್ತಿತ್ತು. ನನಗೆ ಕಾಕಾನ ಮೇಲೆ ಕನಿಕರವೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು.

ಪರೀಕ್ಷೆ ಮುಗಿದ ಮೇಲೆ ಬಾಗಿಲಲ್ಲಿ ನಿಂತು ಕೂಗುವರು.

"ಬ್ರೇಕ್ ಈಗ ಛಲೋ ಹಿಡ್ಯಾಕತ್ತಾವ. ಬಾ, ತಿಂಥಣಿಗೆ ಹೋಗಿ ಬರೋಣ."

"ನನಗ ಕೆಲಸ ಅದ."

ದಿನವೂ ಇಷ್ಟೇ. ಕಾಕಿ ತಿಂಥಣಿಗೆ ಹೋಗದೇ ಇರಲಿಲ್ಲ. ಕೋಲು ಊರಿಕೊಂಡು ನನ್ನ ಜೊತೆ ಬಸ್ಸಿನಲ್ಲಿ ಹೋದರು, ಜಾಗ ಸಿಗದೆ ನಿಂತೇ ಹೋದರು. ನಾವು ಬಸ್ಸಿಗೆ ಕಾಯುವಾಗ ಕಾಕಾ ಅಂಗಳದಲ್ಲಿ ಕಾರು ಒರೆಸುತ್ತಿದ್ದರು. ಆ ಕಾರಿನಲ್ಲಿ ಕಾಕಿ ಮತ್ತೆ ಕೂರಲೇ ಇಲ್ಲ. ನೌಕರಿಯಿಂದ ನಿವೃತ್ತರಾದ ಮರುವರ್ಷ ಕಾಕಾ ಎದೆನೋವಿನಿಂದ ತೀರಿಕೊಂಡರು. ಕಾರನ್ನು ಕಾಕಿ ಮಿಸ್ತ್ರಿಗೆ ಕೊಟ್ಟುಬಿಟ್ಟರು. ಕಾಲಿಗೆ ಪೆಟ್ಟು ಮಾಡಿದ ಗಾಡಿಯ ಭಯ ಹೋಗುವಂಥದ್ದಲ್ಲ ಎಂದು ನಾವೆಲ್ಲ ಅಂದುಕೊಂಡೆವು...

ಕಾಕಿ ಈಗ ಶಹಾಪುರದಲ್ಲಿ ತಂಗಿಯ ಮಗನ ಮನೆಯಲ್ಲಿದ್ದಾರೆ. ಮನೆ ತುಂಬ ಮಂದಿ, ಅವರಿಗೂ ಕೈ ತುಂಬ ಕೆಲಸ. ಹೋದ ವಾರ ಬಸ್ಸಿಳಿದವಳು ಸುಸ್ತಾಗಿದ್ದರೂ ಮನೆಗೆ ಹೋಗದೆ ಅವರಲ್ಲಿಗೆ ಹೋದೆ. ಶೇಂಗಾ ಸುಲಿಯುತ್ತಾ ಕೂತಿದ್ದರು. ಬಸ್ಸಿನ ವಾಸನೆಯ ಸಂಗತಿ ಹೇಳಿದೆ. ಆ ನಾತಕ್ಕೆ ಆಗೆಲ್ಲ ತುತ್ತು ಇಳಿಯುತ್ತಿರಲಿಲ್ಲ ಅಂದರು. ಇಷ್ಟು ವರ್ಷ ಕೇಳದಿದ್ದದ್ದನ್ನು ಕೇಳಿಯೇಬಿಟ್ಟೆ. ಬ್ರೇಕು ಅಷ್ಟು ಚೆನ್ನಾಗಿ ಆದ ಮೇಲೂ ಯಾಕೆ ಅಂಜಿದಿರಿ ಎಂದೆ.

"ಬ್ರೇಕಿಗಿ ಯಾರ ಅಂಜಿದ್ರ ಯವ್ವಾ? ಮೂರ್ಹೊತ್ತೂ ಬ್ರೇಕ್ ಬ್ರೇಕ್ ಅಂದ್ರು. ಕಾಲು ಹ್ಯಾಂಗ ಅದ ಅಂತ ಒಂದಿನಾ ಕೇಳಲಿಲ್ಲ ನೋಡು. ಒಮ್ಮಿ ಕೇಳಿದ್ರ ಬ್ರೇಕ್ ಇಲ್ಲದ ಗಾಡ್ಯಾಗೂ ಕುಂದರತಿದ್ದೆ."

ನನಗೆ ಕ್ಯಾಂಪಿನ ಆ ಬೆಳಗುಗಳು ನೆನಪಾದವು. ಅವರ ಕಾಲಿಗೆ ಎಣ್ಣೆ ಹಚ್ಚಿ ನಾನು ಹೊರಗೆ ಬರುವುದನ್ನೇ ಕಾಯುತ್ತಾ ಕಾಕಾ ನಳದ ಹತ್ತಿರ ನಿಂತಿರುತ್ತಿದ್ದರು. ಅಕ್ಕೋರೆ, ಕಾಲು ಇವತ್ತು ಹೇಗಿದೆ, ಬಾವು ಇಳಿದಿದೆಯೇ, ರಾತ್ರಿ ನಿದ್ದೆ ಬಂತೇ ಎಂದು ತಗ್ಗಿದ ದನಿಯಲ್ಲಿ ಕೇಳುವರು. ಒಂದು ದಿನ ತಪ್ಪಿಸಿದವರಲ್ಲ. ಎಣ್ಣೆ ಹಚ್ಚುವವಳು ನಾನಾದ್ದರಿಂದ ನನ್ನನ್ನೂ ಕೇಳುತ್ತಾರೆ, ಒಳಗೆ ಹೆಂಡತಿಯನ್ನು ಕೇಳಿಯೇ ಇರುತ್ತಾರೆ ಎಂದುಕೊಂಡಿದ್ದೆ. ಹಾಗಲ್ಲದೆ ಬೇರೇನು ಅಂದುಕೊಳ್ಳಲಿ? ಅದನ್ನೆಲ್ಲ ಈಗ ಕಾಕಿಗೆ ಹೇಳಿದೆ.

ಶೇಂಗಾ ಸುಲಿಯುತ್ತಿದ್ದ ಕೈ ನಿಂತಿತು.

"ನಿನ್ನ ಕೇಳ್ತಿದ್ರಾ?"

"ಹೌದ್ರಿ ಕಾಕಿ. ದಿನಾ ಕೇಳ್ತಿದ್ರು."

ಕಾಕಿ ತಮ್ಮ ಬಲಗಾಲನ್ನು ನೋಡಿಕೊಂಡರು. ಒಳಗೆ ಯಾರೋ ಚಹಾ ಸೋಸುತ್ತಿದ್ದರು.

"ನಾ ಒಳಗೇ ಇದ್ದೆನಲ್ಲ ಯವ್ವಾ," ಅಂದರು.