ದಿಂಬು ಯಾವ ಊರಿನದು

ನಾನು ಹಾಲ್‌ಕೋಂಬ್ ಊರಿನ ರಸ್ತೆಗೆ ಜಲ್ಲಿ ಒಡೆಯುವ ಕೂಲಿ. ತಲೆ ಬೇಡುವ ಕೆಲಸವನ್ನು ಯಾರೂ ನನಗೆ ಕೊಟ್ಟಿಲ್ಲ, ಅದು ಊರಿನ ಪುಣ್ಯ. ಹಾಗಾಗಿ ಥರ್ಜಾಜ್ಜಿಯ ಮಂಚ ಸರಿಸಲು ಗ್ರೈಸ್ ಯಜಮಾನರು ಕರೆದಾಗ, ಮಳೆಯ ದಿನ ಸೂರಿನಡಿ ಕೂಲಿ ಸಿಕ್ಕಿತೆಂದು ಹಿಗ್ಗಿಕೊಂಡೇ ಹೋದೆ.

ಥರ್ಜಾಜ್ಜಿ ಹುಟ್ಟಿದ್ದು, ಬಾವಿ ತೋಡುವ ಸೈಲಸ್‌ನನ್ನು ಕಟ್ಟಿಕೊಂಡದ್ದು, ಹೆತ್ತ ಮಕ್ಕಳನ್ನೆಲ್ಲ ಕಳೆದುಕೊಂಡದ್ದು ಎಲ್ಲ ಅದೇ ಒಂದು ಕೋಣೆಯ ಮನೆಯಲ್ಲಿ. ಊರಿನ ಹೆಬ್ಬಾತುಗಳ ಪುಕ್ಕ ಕೀಳುವುದು ಅವಳ ಕಸುಬು. ಬಾತು ಸಿಗದ ದಿನ ನಾಲಿಗೆಯಿಂದ ನಮ್ಮ ಪುಕ್ಕ ಕೀಳುತ್ತಿದ್ದಳು. ಗಂಡ, ಮಕ್ಕಳು ನಮ್ಮ ಚರ್ಚಿನ ಹಿಂದೆ ಒಂದೇ ಸಾಲಿನಲ್ಲಿ ಮಲಗಿದ್ದಾರೆ. ಆ ಸಾಲಿನ ತುದಿಯಲ್ಲಿ ತಾನೂ ಮಲಗಬೇಕು, ಅವಳಿಗೆ ಉಳಿದಿದ್ದ ಆಸೆ ಅದೊಂದೇ.

ಆದರೆ ಎರಡು ಊರುಗಳ ಎಲ್ಲೆ ಆ ಮನೆಯ ನಡುವೆಯೇ ಹಾದುಹೋಗುತ್ತದೆ. ಒಲೆಯ ಕಡೆ ನಮ್ಮದು, ಕಿಟಕಿಯ ಕಡೆ ಮೆರ್ಡನ್‌ನವರದು. ದಿಕ್ಕಿಲ್ಲದವರು ಯಾವ ಊರಿನ ನೆಲದಲ್ಲಿ ತಲೆಯಿಟ್ಟು ಮಲಗುತ್ತಾರೋ ಆ ಊರೇ ಅವರನ್ನು ತನ್ನ ಖರ್ಚಿನಲ್ಲಿ ಸಾಕಬೇಕು, ಸತ್ತರೆ ತನ್ನ ನೆಲದಲ್ಲಿ ಹೂಳಬೇಕು. ನಮ್ಮೂರಿನ ಬಡವರ ಉಸ್ತುವಾರಿ ಗ್ರೈಸರದು. ಅಜ್ಜಿಗೆ ಮೇಲುಸಿರು ಬಂತೆಂದು ಕೇಳಿದ್ದೇ ತಡ, ಓಡಿ ಬಂದಿದ್ದರು. ಪ್ರಾರ್ಥನೆಗೆ ಬಂದರೆಂದು ಅವಳು ಕೈ ಜೋಡಿಸಿದಳು. ನಾನು ಮಂಚದ ಕಾಲು ಹಿಡಿದಾಗಲೇ ಅವಳಿಗೆ ವಿಷಯ ತಿಳಿದದ್ದು.

"ಏನೋ ಏಬಲ್, ಕಲ್ಲು ಮುಗೀತಾ, ಈಗ ಮುದುಕೀರ್ನ ಹೊರೋಕೆ ಬಂದ್ಯಾ?" ಎಂದಳು. ಆಮೇಲೆ ಗ್ರೈಸರ ಕಡೆ ತಿರುಗಿದಳು. "ಯಜಮಾನ್ರೆ, ತಲೆ ಮಾತ್ರ ಒಲೆ ಕಡೆ ಇರ್ಲಿ. ಕಾಲು ಯಾವ ಊರಿಗಾದ್ರೂ ಹೋಗ್ಲಿ."

"ಕಾನೂನು ನೋಡೋದೇ ತಲೇನ ಕಣಮ್ಮ," ಎಂದರು ಅವರು.

ಮಂಚವನ್ನು ಕಿಟಕಿಗೆ ಒತ್ತಿ ನಿಲ್ಲಿಸಿದೆವು. ಮಳೆಯ ಎರಚಲು ದಿಂಬಿಗೇ ಬೀಳುತ್ತಿತ್ತು.

ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಮಂಚ ಖಾಲಿ. ಅಜ್ಜಿ ನೆಲದಲ್ಲಿ ತೆವಳಿಕೊಂಡು ಬಂದು, ಒಲೆಕಲ್ಲಿಗೆ ಕೆನ್ನೆಯಿಟ್ಟು ಸತ್ತಿದ್ದಳು. ಗ್ರೈಸರು ಬಾಗಿಲು ಹಾಕಿದರು.

"ಕಾಲ್ ಕಡೆ ಹಿಡ್ಕೊಳೋ."

ಹೆಣ ನನ್ನ ಜಲ್ಲಿ ಬುಟ್ಟಿಗಿಂತ ಹಗುರವಾಗಿತ್ತು. ಕಿಟಕಿಯ ಕಡೆ ದಿಂಬಿಟ್ಟು ಮಲಗಿಸಿದೆವು. ಕೆನ್ನೆಗೆ ಹತ್ತಿದ ಬೂದಿಯನ್ನು ಗ್ರೈಸರು ತಮ್ಮದೇ ಕರವಸ್ತ್ರದಿಂದ ನಾಜೂಕಾಗಿ ಒರೆಸಿ, ನನ್ನನ್ನು ಮೆರ್ಡನ್‌ಗೆ ಅಟ್ಟಿದರು.

ನಿಮ್ಮೂರ ಹೆಂಗಸೊಬ್ಬಳು ತೀರಿಕೊಂಡಳೆಂದೆ. ಅಲ್ಲಿನ ಉಸ್ತುವಾರಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ನೀನೇ ಕಣ್ಣಾರೆ ಕಂಡ್ಯಾ? ತಲೆ ಎಲ್ಲಿತ್ತು?"

"ಕಿಟಕಿ ಕಡೇನೇ, ಯಜಮಾನ್ರೆ."

ಮೆರ್ಡನ್‌ನವರು ಬೈಯುತ್ತಲೇ ಕೈಗಾಡಿ ತಂದರು. ಕತ್ತಲಾಗುವ ಮೊದಲೇ ಅಜ್ಜಿಯನ್ನು ತಮ್ಮೂರ ಸ್ಮಶಾನದ ಬೇಲಿಯ ಬುಡದಲ್ಲಿ, ಯಾರ ಪಕ್ಕವೂ ಅಲ್ಲದ ಜಾಗದಲ್ಲಿ ಹೂತರು.