ಸಮುದ್ರಕ್ಕೆ ಎಷ್ಟು ಎಂಎಂ ಗಾಜು?

ನಮ್ಮ ಮನೆಯಲ್ಲಿ ಈಗ ಎರಡು ಮಡಿಗಳಿವೆ. ಒಂದು ದೇವರ ಕೋಣೆಯದು. ಅದರ ಒಡತಿ ಅತ್ಯಾ, ಅಂದರೆ ನನ್ನ ತಂದೆಯ ಅಕ್ಕ. ಇನ್ನೊಂದು ಪಡಸಾಲೆಯದು, ಅದರ ಒಡತಿ ನಾನು. ಎರಡರಲ್ಲಿ ನನ್ನದೇ ಹೆಚ್ಚು ಬಿಗಿ. ಅತ್ಯಾನ ಮಡಿಯಲ್ಲಿ ಜ್ವರ ಬಂದವರಿಗೆ, ಪ್ರಯಾಣದಲ್ಲಿರುವವರಿಗೆ ರಿಯಾಯಿತಿ ಇದೆ. ನನ್ನದರಲ್ಲಿ ಯಾರಿಗೂ ಇಲ್ಲ. ನನ್ನ ಬಕೆಟ್ಟು ಬೇರೆ, ತಂಬಿಗೆ ಬೇರೆ, ಒರೆಸುವ ಬಟ್ಟೆ ಬೇರೆ. ಸಾಬೂನು ಹಚ್ಚಿದ ಕೈ, ಎಣ್ಣೆ ಸವರಿದ ಕೈ, ಸೊಳ್ಳೆಗೆಂದು ಮುಲಾಮು ಬಳಿದುಕೊಂಡ ಕೈ ನನ್ನ ನೀರಿನ ಹತ್ತಿರವೂ ಸುಳಿಯುವಂತಿಲ್ಲ.

ಇದನ್ನು ಹೇಳಲು ನನಗೆ ಮುಜುಗರ. ಏಕೆಂದರೆ ಕಾಲೇಜಿನ ದಿನಗಳಲ್ಲಿ ಇಂಡಿ, ಮುದ್ದೇಬಿಹಾಳ ಎನ್ನದೆ ಎಲ್ಲಿ ಚರ್ಚಾಸ್ಪರ್ಧೆ ನಡೆದರೂ ಹೋಗಿ, ಮಡಿ-ಮೈಲಿಗೆಯ ಚರ್ಮ ಸುಲಿದು, ಢಾಲು ಗೆದ್ದು ತಂದವಳು ನಾನೇ. ಬಸವನ ಬಾಗೇವಾಡಿಯಲ್ಲಂತೂ ಮೇಜು ಗುದ್ದಿದ ರಭಸಕ್ಕೆ ತೀರ್ಪುಗಾರರ ಚಹಾ ಚೆಲ್ಲಿತ್ತು. ಆ ಢಾಲುಗಳು ನಿಂತಿದ್ದ ಕಟ್ಟೆಯ ಮೇಲೆ ಈಗ ಒಂದು ಗಾಜಿನ ತೊಟ್ಟಿ ಕೂತಿದೆ. ಮನೆಗೆ ಬಂದವರು ಅದರತ್ತ ಎರಡು ಹೆಜ್ಜೆ ಇಟ್ಟರೆ ಸಾಕು, ನನ್ನ ಬಾಯಿಂದ ಬರುವ ಸ್ವಾಗತದ ಮಾತು: "ಮುಟ್ಟಬ್ಯಾಡ್ರೀ!"

ತೊಟ್ಟಿಯಲ್ಲಿರುವುದು ಸಮುದ್ರ. ಸಿಂದಗಿಯಲ್ಲಿ ಸಮುದ್ರವೇ ಎಂದು ನೀವು ಹುಬ್ಬೇರಿಸುವುದು ಸಹಜ. ಮೊಬೈಲಿನಲ್ಲಿ ಯಾರೋ ಒಬ್ಬ ತಜ್ಞ, ಮನೆಯಲ್ಲಿ ಉಪ್ಪುನೀರಿನ ಹವಳದ ತೊಟ್ಟಿ ಇಡುವುದು ದುಡ್ಡಿದ್ದವರಿಗೆ, ಅದೂ ದೊಡ್ಡ ಊರಿನಲ್ಲಿ ಇರುವವರಿಗೆ ಮಾತ್ರ ಸಾಧ್ಯ ಎಂದು ಹೇಳುತ್ತಿದ್ದ. ಅವನ ಪಾಡಿಗೆ ಅವನು ಹೇಳಿಕೊಂಡು ಹೋದ. ಆದರೆ ನನ್ನಂಥವರಿಗೆ ಊಟ ಇಲ್ಲದಿದ್ದರೂ ನಡೆಯುತ್ತದೆ, ಪ್ರತಿಪಕ್ಷ ಇಲ್ಲದಿದ್ದರೆ ನಡೆಯುವುದಿಲ್ಲ. ಮರುದಿನವೇ ಗಾಜಿನ ಅಂಗಡಿಗೆ ಹೋದೆ.

ಅಂಗಡಿಯ ಮಹಬೂಬಸಾಬ್ ಕಾಕಾ ನಮ್ಮ ಮನೆಯ ಕಿಟಕಿಗಳಿಗೆಲ್ಲ ಗಾಜು ಕೂರಿಸಿದವರು. ನಾನು ಹೇಳಿದ ಅಳತೆ ಕೇಳಿ, "ಏನ್ ಇಡ್ತೀರಿ ಇದ್ರಾಗ? ಬೇಕರಿ ಹಾಕ್ತೀರೇನು?" ಎಂದರು.

"ಸಮುದ್ರ ಇಡ್ತೇನ್ರಿ ಕಾಕಾ."

ಅವರು ನಗಲಿಲ್ಲ. ಟೇಪು ಸುತ್ತಿಟ್ಟು, ಸ್ವಲ್ಪ ಯೋಚಿಸಿ ಕೇಳಿದರು: "ಸಮುದ್ರಕ್ಕ ಎಷ್ಟ್ ಎಂಎಂ ಗಾಜ್ ಬೇಕಾಗತೈತ್ರಿ?"

ಇಷ್ಟು ಒಳ್ಳೆಯ ಪ್ರಶ್ನೆಯನ್ನು ಯಾವ ತೀರ್ಪುಗಾರರೂ ನನಗೆ ಕೇಳಿಲ್ಲ. ಏಕೆ, ಯಾತಕ್ಕೆ, ನಿನಗೆ ಬೇರೆ ಕೆಲಸವಿಲ್ಲವೇ ಎಂಬುದೆಲ್ಲ ಬಿಟ್ಟು ನೇರವಾಗಿ ದಪ್ಪಕ್ಕೆ ಬಂದಿದ್ದರು. ನನಗೆ ಉತ್ತರ ಗೊತ್ತಿರಲಿಲ್ಲ. ಅವರೇ ದಾರಿ ತೋರಿಸಿದರು: "ಸಣ್ಣ ಸಮುದ್ರ ಇದ್ರ ಆರು ಸಾಕ್ರಿ. ಅಲಿ ಬರೂದಿದ್ರ ಎಂಟ್ ಹಾಕೂಣು." ಅಲೆ ಬರುವುದಿತ್ತು, ಸಣ್ಣದೊಂದು ಪಂಪಿನಿಂದ. ಎಂಟೇ ಹಾಕಿಸಿದೆ.

ತೊಟ್ಟಿ ಮನೆಗೆ ಬಂದ ದಿನ ಅತ್ಯಾ ಅದರ ಸುತ್ತ ಒಂದು ಸುತ್ತು ಹಾಕಿ, ಸೆರಗು ಸಿಕ್ಕಿಸಿಕೊಂಡು ತೀರ್ಪು ಕೊಟ್ಟರು. ತೀರ್ಪು ಕೊಡುವುದು ಅವರ ಹಕ್ಕು. ಅಪ್ಪ, ಅವ್ವ, ಕಡೆಗೆ ನಮ್ಮ ಕರೆಂಟಿನ ಮಿಸ್ತ್ರಿಯೂ ಅವರ ಮಾತು ಮೀರುವುದಿಲ್ಲ.

"ನೋಡು, ಜೀವ ತರಾಕಿ ನೀನು. ಇದರಾಗ ಒಂದೇ ಒಂದು ಜೀವ ಸತ್ತರೂ ಮರುದಿನ ಮಣ್ಣು ತುಂಬಿ ಕರಿಬೇವು ಹಚ್ಚತೇನಿ. ಆಮ್ಯಾಲೆ ವಾದ ಇಲ್ಲ."

ನಾನು ಒಪ್ಪಿದೆ. ಒಪ್ಪುವಾಗ ಮನಸ್ಸಿನಲ್ಲೇ 'ಜೀವ' ಎಂಬ ಶಬ್ದದ ವ್ಯಾಖ್ಯೆ ಸಡಿಲವಾಗಿದೆ, ಮುಂದೆ ಬೇಕಾದರೆ ಎಳೆದಾಡಬಹುದು ಎಂದು ಗುರುತು ಹಾಕಿಕೊಂಡೆ. ತರಬೇತಿ ಅಂಥದ್ದು.

ಇನ್ನು ನೀರು. ಇಲ್ಲಿ ನಾನು ಮಾಡಿದ ತಪ್ಪನ್ನು ಕಡಲತೀರದವರು ಮಾಡಲಾರರು. ಅದಕ್ಕೆ ನಮ್ಮ ಸೀಮೆಯಲ್ಲೇ ಹುಟ್ಟಿರಬೇಕು. ನಮ್ಮ ಬೋರಿನ ನೀರು ಸವಳು. ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ, ಕೊಡದ ಒಳಗೆ ಬಿಳಿ ಹೊಪ್ಪಳಿಕೆ ಕಟ್ಟುತ್ತದೆ. ನನ್ನ ತರ್ಕ ಹೀಗೆ ಓಡಿತು: ಸಮುದ್ರದ ನೀರು ಉಪ್ಪು, ನಮ್ಮ ಬೋರಿನ ನೀರೂ ಉಪ್ಪು, ಆದ್ದರಿಂದ ಅರ್ಧ ಸಮುದ್ರ ಹಿತ್ತಲಲ್ಲಿ ಪುಕ್ಕಟೆ ಬರುತ್ತಿದೆ. ಉಳಿದರ್ಧಕ್ಕೆ ಪೇಟೆಯ ಸಮುದ್ರದ ಉಪ್ಪು ಬೆರೆಸಿದರಾಯಿತು. ಹೀಗೆ ತುಂಬಿಸಿ, ದೀಪ ಹಚ್ಚಿ, ಎದೆಯುಬ್ಬಿಸಿ ಕೂತೆ. ವಾರ ಕಳೆಯುವಷ್ಟರಲ್ಲಿ ತೊಟ್ಟಿ ಹಸಿರಾಗಿ, ಲೋಳೆಯಾಗಿ, ಎಮ್ಮೆ ಇಳಿದರೆ ಬೇಡ ಎನ್ನದ ಹೊಂಡದಂತಾಯಿತು. ಹೊಲದ ಗೊಬ್ಬರವೆಲ್ಲ ಬಸಿದು ನೆಲದೊಳಗಿನ ನೀರು ಸೇರುತ್ತದೆ, ಪಾಚಿಗೆ ಅದೇ ಮೃಷ್ಟಾನ್ನ ಎಂಬುದು ಆಮೇಲೆ ತಿಳಿಯಿತು. ಪುಣ್ಯಕ್ಕೆ ಒಳಗೆ ಆಗಿನ್ನೂ ಯಾವ ಜೀವವೂ ಇರಲಿಲ್ಲ.

ಅತ್ಯಾ ಮೂಗು ಮುಚ್ಚಿಕೊಂಡು ನನ್ನ ತರ್ಕವನ್ನು ಪೂರ್ತಿ ಕೇಳಿದರು. "ಉಪ್ಪಿಟ್ಟಿನಾಗೂ ಉಪ್ಪದ, ಉಪ್ಪಿನಕಾಯಾಗೂ ಉಪ್ಪದ. ಹಂಗಂತ ಉಪ್ಪಿನಕಾಯಿ ಕಲಸಿ ಉಪ್ಪಿಟ್ಟು ಮಾಡ್ತೀಯೇನು?"

ತರ್ಕಶಾಸ್ತ್ರದಲ್ಲಿ ಈ ದೋಷಕ್ಕೊಂದು ಉದ್ದನೆಯ ಹೆಸರಿದೆ. ಉಪ್ಪಿಟ್ಟು ಹೇಳಿದಷ್ಟು ಬೇಗ ಅದು ಮನಸ್ಸಿಗೆ ಇಳಿಯುವುದಿಲ್ಲ.

ಹಾಗಾಗಿ ಶುದ್ಧ ನೀರಿನ ಘಟಕದ ಸರದಿಯಲ್ಲಿ ಕ್ಯಾನು ಹಿಡಿದು ನಿಲ್ಲುವ ಕಾಲ ಬಂತು. ಒಂದು, ಎರಡು, ಮೂರು ಕ್ಯಾನು ತುಂಬಿಸುವುದನ್ನು ನೋಡಿ, ಹಿಂದೆ ನಿಂತಿದ್ದ ಯಂಕಂಚಿ ಕಡೆಯ ಗೌಡರೊಬ್ಬರು ಮನೆಯಲ್ಲಿ ಏನು ಕಾರ್ಯ ಎಂದು ವಿಚಾರಿಸಿದರು. ಹೇಳಿದೆ.

"ಅಂದ್ರ, ಇಲ್ಲಿ ಉಪ್ಪ ತಗಸಿದ ನೀರ ಒಯ್ದು, ಮನ್ಯಾಗ ಮತ್ತ ಉಪ್ಪ ಹಾಕ್ತೀರಿ?"

"ಹೌದ್ರಿ."

"ಹಂಗಾದ್ರ ನಮ್ಮ ಬೋರಿನ ನೀರ ಏನ್ ಪಾಪ ಮಾಡಿತ್ರೀ?"

ಸರದಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಕ್ಯಾನು ಹೊತ್ತು ಬರುವಾಗ ಮಾತು ತಲೆಯಲ್ಲಿ ಕೂತಿತ್ತು. ಬೇಸಿಗೆಯಲ್ಲಿ ತೊಟ್ಟಿಯ ನೀರು ಆರುತ್ತದೆ. ಆರುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಅದಕ್ಕೇ ದಿನವೂ ಸಿಹಿನೀರು ತುಂಬಿ ಸಮ ಮಾಡಬೇಕು. ನಮ್ಮ ಹೊಲಗಳು ಸವಳಾದದ್ದೂ ಹೀಗೆಯೇ ಅಲ್ಲವೇ? ಮೇಲಿಂದ ಮೇಲೆ ನೀರು ಬಿಟ್ಟೆವು, ಬಿಸಿಲು ನೀರನ್ನು ಕುಡಿದು ಉಪ್ಪನ್ನು ನಮಗೇ ಬಿಟ್ಟಿತು. ನನ್ನ ಪಡಸಾಲೆಯಲ್ಲಿ ಒಂದು ತಂಬಿಗೆಯಿಂದ ಸರಿಹೋಗುವುದು ಊರ ಹೊರಗೆ ಎಕರೆಗಟ್ಟಲೆ ಹರಡಿಕೊಂಡಿದೆ. ಬೋರಿನ ನೀರು ಪಾಪ ಮಾಡಿರಲಿಲ್ಲ, ಅದರ ಮೇಲೆ ನಾವು ಹೊರಿಸಿದ್ದೆವು.

ಕಲ್ಲಿನ ವಿಷಯದಲ್ಲಿ ಮಾತ್ರ ನಮ್ಮ ಸೀಮೆ ನನ್ನ ಮರ್ಯಾದೆ ಉಳಿಸಿತು. ಅಂಗಡಿಯವರು ಮಾರುವ ತೂತು ತೂತಿನ ಕಲ್ಲು ದುಬಾರಿ; ನಾಲ್ಕಾರು ತುಂಡು ತಂದು ಮೇಲೆ ಜೋಡಿಸಿ, ತಳಕ್ಕೆ ಹಿತ್ತಲಲ್ಲಿ ಬಿದ್ದಿದ್ದ ಫರಸಿ ಕಲ್ಲುಗಳನ್ನೇ ಇಟ್ಟೆ. ಮನೆಗೆ ನೆಲ ಹಾಕಿಸುವಾಗ ಮುದ್ದೇಬಿಹಾಳದ ಕಡೆಯಿಂದ ತರಿಸಿ ಉಳಿದವು. ಭೂವಿಜ್ಞಾನ ಓದಿದ ಗೆಳತಿಯೊಬ್ಬಳು ಇಂಡಿಯ ಲಿಂಬೆಹಣ್ಣು ತಂದು ಕಲ್ಲಿನ ಮೇಲೆ ಹಿಂಡಿ, ಸಣ್ಣಗೆ ಗುಳ್ಳೆ ಏಳುವುದನ್ನು ತೋರಿಸಿ, ಇದು ಸುಣ್ಣದ ಕಲ್ಲು, ಮನುಷ್ಯರಿಲ್ಲದ ಕಾಲದಲ್ಲಿ ಇಲ್ಲಿದ್ದ ಸಮುದ್ರದ ತಳದ ಕೆಸರು ಎಂದಳು. ನಾನು ನೆಲ ನೋಡಿದೆ. ನಮ್ಮ ಮನೆಯಲ್ಲಿ ಅತ್ಯಾ ರಂಗೋಲಿ ಹಾಕುವುದು, ಅವ್ವ ಶಾವಿಗೆ ಹರವುವುದು, ನಾನು ಕಾಲು ಚಾಚಿ ಮಲಗುವುದು ಎಲ್ಲವೂ ಸಮುದ್ರದ ತಳದಲ್ಲೇ. ನಾನು ಸಮುದ್ರವನ್ನು ಸಿಂದಗಿಗೆ ತಂದವಳಲ್ಲ. ತಡವಾಗಿ ನೀರು ತುಂಬಿಸಿದವಳು, ಅಷ್ಟೆ.

ನೀರು ತುಂಬಿದ ಮೇಲೆ ಕಾಯಬೇಕು. ಮೀನಿನ ಹೊಲಸನ್ನು ಕರಗಿಸಿ ವಿಷ ಇಳಿಸುವ ಸೂಕ್ಷ್ಮಜೀವಿಗಳು ಕಲ್ಲಿನಲ್ಲಿ ನೆಲೆಯೂರುವವರೆಗೆ ಯಾವ ಜೀವವನ್ನೂ ಬಿಡುವಂತಿಲ್ಲ. ಅವಕ್ಕೆ ಆಹಾರವೆಂದು ಖಾಲಿ ತೊಟ್ಟಿಗೆ ದಿನಾ ಚಿಟಿಕೆ ಮೀನಿನ ತಿಂಡಿ ಹಾಕುತ್ತ ಕೂತೆ. ಅತ್ಯಾ ಇದನ್ನು ಕೆಲವು ದಿನ ಸಹಿಸಿದರು.

"ಯಾರಿಗೆ ನೈವೇದ್ಯ ಇದು?"

"ಕಣ್ಣಿಗೆ ಕಾಣದ ಜೀವಗಳು ಅವ ಅತ್ಯಾ ಒಳಗ."

"ಹೂಂ. ನಾ ಹಿಂಗಂದಾಗ ಭಾಷಣ ಮಾಡಿದ್ದಿ."

ನನ್ನಲ್ಲಿ ಪುರಾವೆ ಇತ್ತು. ಗಾಜಿನ ನಳಿಕೆಯಲ್ಲಿ ನೀರು ತೆಗೆದು ಔಷಧದ ಹನಿ ಹಾಕಿ ನೋಡಬೇಕು: ಹಸಿರು ಬಂದರೆ ವಿಷ, ಹಳದಿ ಬಂದರೆ ನಿರ್ಮಲ. ಹಳದಿ ಬಂದ ದಿನ ನಳಿಕೆ ಹಿಡಿದು ಕುಣಿದೆ. ಅತ್ಯಾ ಬಣ್ಣ ನೋಡಿ, "ಪ್ರಸಾದ ಆತೇನು?" ಎಂದರು.

ಸೊಲ್ಲಾಪುರದ ಅಂಗಡಿಯಿಂದ ಜೀವಗಳು ಬಂದವು: ಕಿತ್ತಳೆ ಬಣ್ಣಕ್ಕೆ ಬಿಳಿ ಪಟ್ಟೆಯ ಎರಡು ಕ್ಲೌನ್ ಮೀನು, ಅಂಗಡಿಯಲ್ಲೇ ಬೆಳೆಸಿದ ಗುಂಡಿಯಷ್ಟು ಮೆತ್ತನೆಯ ಹವಳದ ಒಂದು ತುಣುಕು, ಶಂಖ ಹೊತ್ತ ಒಂದು ಏಡಿ. ಗಟ್ಟಿ ಹವಳವನ್ನು ಕಾನೂನು ಮುಟ್ಟಗೊಡುವುದಿಲ್ಲ. ಆ ಕಾನೂನಿನ ಜತೆ ನನಗೆ ವಾದವಿಲ್ಲ. ಒಣಮೀನಿನ ಪುಡಿ ಬೆರೆತ ತಿಂಡಿಯ ಡಬ್ಬಿಗೆ ಮನೆಯೊಳಗೆ ಪ್ರವೇಶ ಸಿಗದೆ ಅದು ಚಪ್ಪಲಿ ಗೂಡಿನಲ್ಲಿ ನೆಲೆಸಿತು. ಮೀನುಗಳನ್ನು ಮಾತ್ರ ಅತ್ಯಾ ಒಳಗೆ ಬಿಟ್ಟುಕೊಂಡರು.

"ಮೀನಿಗೆ ಅವತಾರ ಅದ, ಇರಲಿ. ಏಡಿಗೆ ಯಾವ ಅವತಾರ ಅದ?"

"ಅದು ಸನ್ಯಾಸಿ ಏಡಿರಿ ಅತ್ಯಾ. ಪುಸ್ತಕದಾಗ ಹೆಸರೇ ಹಂಗದ. ಸ್ವಂತ ಮನಿ ಇಲ್ಲ, ಯಾರೋ ಬಿಟ್ಟ ಶಂಖದಾಗ ಇರ್ತದ."

ಅತ್ಯಾ ಗಾಜಿನ ಹತ್ತಿರ ಬಗ್ಗಿದರು. ಏಡಿ ಎರಡು ಕಣ್ಣು ಹೊರಗಿಟ್ಟು, ಅವರನ್ನು ನೋಡಿ, ಒಳಗೆ ಸರಿಯಿತು. "ಹಂಗಾದ್ರ 'ಅದು' ಅನಬ್ಯಾಡ," ಎಂದರು ಅತ್ಯಾ. "ಸ್ವಾಮ್ಯಾರು ಅನ್ನು."

ಬೇಸಿಗೆ ಬಂತು. ನೀರು ಕಾಯದಂತೆ ತೊಟ್ಟಿಯ ಮೇಲೊಂದು ಸಣ್ಣ ಫ್ಯಾನು ಕಟ್ಟಿದೆ. "ಮೀನಿಗೆ ಫ್ಯಾನು, ನನಗ ಬೀಸಣಿಕಿ," ಎಂದು ಅತ್ಯಾ ಬಂದವರ ಮುಂದೆಲ್ಲ ಹೇಳಿದರು. ಹೇಳಿ, ತಮ್ಮ ಕುರ್ಚಿಯನ್ನು ಆ ಫ್ಯಾನಿನ ಗಾಳಿ ತಾಗುವಲ್ಲಿಗೇ ಎಳೆದುಕೊಂಡರು. ಹವಳದ ತುಣುಕಿನಿಂದ ಇನ್ನೊಂದು ಗುಂಡಿ ಮೂಡಿತು. ಎಲ್ಲರೂ ಬದುಕಿದ್ದರು.

ಮೊದಲ ಮಳೆ ಬಿದ್ದ ಮರುದಿನ ಬೆಳಿಗ್ಗೆ ಪಡಸಾಲೆಯಿಂದ ಅತ್ಯಾನ ಕೂಗು ಕೇಳಿತು. "ಏ, ಬಾ ಇಲ್ಲೆ! ಸ್ವಾಮ್ಯಾರು ಹೋದ್ರು!"

ಓಡಿದೆ. ತೊಟ್ಟಿಯ ತಳದಲ್ಲಿ, ಶಂಖದ ಹೊರಗೆ, ಕಾಲು ಮಡಚಿಕೊಂಡು ಬಿದ್ದಿತ್ತು ಏಡಿ. ಕೊಂಡಿ, ಮೀಸೆ, ಕಣ್ಣಿನ ಕಡ್ಡಿ ಎಲ್ಲ ಇದ್ದವು, ಅಲುಗಾಟವೊಂದು ಇರಲಿಲ್ಲ. ಪಂಪಿನ ಅಲೆಗೆ ದೇಹ ಮೆಲ್ಲಗೆ ಹೊರಳುತ್ತಿತ್ತು. ನಾನು ಬರುವಷ್ಟರಲ್ಲೇ ಹಿತ್ತಲಿನ ಕರಿಬೇವಿನ ಕುಂಡ ಬಂದು ತೊಟ್ಟಿಯ ಪಕ್ಕದಲ್ಲಿ ಕೂತಿತ್ತು.

"ಸ್ವಾಮ್ಯಾರು ಬೃಂದಾವನಸ್ಥರಾದ್ರು," ಎಂದು ಅತ್ಯಾ, ಯತಿಗಳು ತೀರಿಕೊಂಡಾಗ ಹೇಳುವ ಮಾತನ್ನೇ ಹೇಳಿದರು. ದನಿಯಲ್ಲಿ ಗೆದ್ದ ಸಂತೋಷವಿರಲಿಲ್ಲ. "ಮೀನು ಬಿಟ್ಟು ಬಾ ಎಲ್ಲಿಂದ ತಂದೀಯೋ ಅಲ್ಲಿ. ನಾ ಮಣ್ಣು ತರಸ್ತೇನಿ."

ನನ್ನ ಎದೆ ಧಸಕ್ಕೆಂದಿತು. ಆದರೆ ಬಾಯಿ ಎದೆಗಾಗಿ ಕಾಯುವುದಿಲ್ಲ.

"ತಡೀರಿ ಅತ್ಯಾ. ಷರತ್ತಿನ ಪ್ರಕಾರ ಜೀವ ಸಾಯಬೇಕು. ಸನ್ಯಾಸ ತಗೊಳ್ಳುವಾಗ ಏನ್ ಮಾಡ್ತಾರ? ತಮ್ಮ ಶ್ರಾದ್ಧ ತಾವೇ ಮಾಡ್ಕೋತಾರ ಹೌದಲ್ಲೋ? ಅಂದ್ರ ಲೋಕದ ಲೆಕ್ಕದಾಗ ಅವರು ಆವಾಗೇ ಹೋಗಿರ್ತಾರ. ಒಮ್ಮೆ ಹೋದವರು ಮತ್ತ ಹೆಂಗ ಹೋಗ್ತಾರ?"

ಅತ್ಯಾ ನನ್ನನ್ನೇ ನೋಡಿದರು. "ಮಡಿ ನಂಬೂದಿಲ್ಲ, ಶ್ರಾದ್ಧ ನಂಬತೀ?"

"ನಾ ನಂಬೂದಿಲ್ಲರಿ. ನೀವು ನಂಬ್ತೀರಿ. ಷರತ್ತು ನಿಮ್ಮದು, ನಿಮ್ಮ ಶಾಸ್ತ್ರದ ಪ್ರಕಾರನ ಅರ್ಥ ಮಾಡಬೇಕಲ್ಲ!"

ಅವರು ಕುಂಡದ ಮೇಲಿನ ಕೈ ತೆಗೆದರು. ಗೆದ್ದೆ ಎಂದುಕೊಂಡೆ. ಆದರೆ ಅವರ ಕಣ್ಣು ನನ್ನ ಮೇಲಿರಲಿಲ್ಲ, ನನ್ನ ಹಿಂದೆ ತೊಟ್ಟಿಯಲ್ಲಿತ್ತು.

ಫರಸಿ ಕಲ್ಲಿನ ಸಂದಿಯಿಂದ ಶಂಖವೊಂದು ಹೊರಗೆ ಬರುತ್ತಿತ್ತು. ಶಂಖದೊಳಗೆ ಹೊಚ್ಚ ಹೊಸ ಕೆಂಪಿನ ಕಾಲುಗಳು. ಹಾವು ಪೊರೆ ಬಿಡುವಂತೆ ಏಡಿ ತನ್ನ ಹಳೆಯ ಮೈಯನ್ನು ಕಣ್ಣಿನ ಕಡ್ಡಿಯವರೆಗೆ ಇಡಿಯಾಗಿ ಕಳಚಿಟ್ಟು, ಹೊಸದು ಗಟ್ಟಿಯಾಗುವವರೆಗೆ ಏಕಾಂತದಲ್ಲಿ ಕೂತಿತ್ತು. ಈಗ ಮೆಲ್ಲಗೆ ನಡೆದು ಬಂದು, ತನ್ನ 'ಶವ'ದ ಮುಂದೆ ನಿಂತು, ಒಂದು ಕಾಲನ್ನು ಚಿವುಟಿ ಬಾಯಿಗಿಟ್ಟುಕೊಂಡಿತು.

"ಅಯ್ಯ! ನೋಡ ನೋಡ," ಎಂದು ಅತ್ಯಾ ಗೋಡೆ ಹಿಡಿದುಕೊಂಡು ನಕ್ಕರು. "ಸ್ವಾಮ್ಯಾರು ತಮ್ಮ ಶ್ರಾದ್ಧದ ಊಟ ತಾವೇ ಉಣ್ಣಲಿಕ್ಕತ್ತಾರ!"

ನಾನೂ ನಕ್ಕೆ, ಸ್ವಲ್ಪ ತಡವಾಗಿ. ಪುರಾವೆ ಎಲ್ಲಿ ಎಂದು ಲೋಕವನ್ನೆಲ್ಲ ಪೀಡಿಸುವವಳು, ಒಂದು ಸಲ ಬಗ್ಗಿ ಶಂಖ ಎಲ್ಲಿ ಹೋಯಿತು ಎಂದು ನೋಡಿರಲಿಲ್ಲ. ಸಾವನ್ನು ಒಪ್ಪಿಕೊಂಡೇ ವಾದಕ್ಕಿಳಿದಿದ್ದೆ. ಒಬ್ಬರು ಶಿಕ್ಷೆ ಕೇಳುತ್ತ, ಒಬ್ಬರು ಬಿಡುಗಡೆ ಕೇಳುತ್ತ, ಇಬ್ಬರೂ ನಿಂತದ್ದು ಒಂದು ಖಾಲಿ ಅಂಗಿಯ ಮುಂದೆ. ಆರೋಪಿ ಅಷ್ಟು ಹೊತ್ತೂ ಕಲ್ಲಿನ ಹಿಂದೆ ಬೆಳೆಯುತ್ತಿದ್ದ.

ಕರಿಬೇವಿನ ಕುಂಡವನ್ನು ಅತ್ಯಾ ಹಿತ್ತಲಿಗೆ ಮರಳಿ ಒಯ್ಯಲಿಲ್ಲ. "ಇರಲಿ ಇಲ್ಲೇ, ನಿನಗ ಅಂಜಿಕಿ ಇರಬೇಕು," ಎಂದರು. ಬೆದರಿಕೆಗೆಂದು ಇಟ್ಟ ಗಿಡ ಈಗ ತೊಟ್ಟಿಯ ದೀಪದ ಕಡೆಗೆ ಬಾಗಿ ಚಿಗುರಿದೆ. ನಮ್ಮ ಒಗ್ಗರಣೆಗೆ ಅದರದೇ ಎಲೆ. ದಿನದ ಸಿಹಿನೀರು ತುಂಬುವ ಕೆಲಸವೂ ಯಾವಾಗಲೋ ನನ್ನ ಕೈ ತಪ್ಪಿದೆ. ಇವತ್ತು ಬೆಳಿಗ್ಗೆ ಅತ್ಯಾ ಸ್ನಾನ ಮುಗಿಸಿ, ದೇವರ ನೀರು ತುಂಬಿ, ಅದೇ ಒದ್ದೆ ಕೈಯಲ್ಲಿ ನನ್ನ ಬೇರೆ ತಂಬಿಗೆ ಎತ್ತಿಕೊಂಡು ತೊಟ್ಟಿಯ ಕಡೆ ನಡೆದಾಗ ಚಹಾದ ಕಪ್ಪು ಹಿಡಿದಿದ್ದ ನಾನು ಅಭ್ಯಾಸಬಲದಿಂದ ಕೂಗಿದೆ: "ಅತ್ಯಾ, ಕೈ ತೊಳಕೊಂಡೀರಿಲ್ಲೋ? ಮುಟ್ಟಬ್ಯಾಡ್ರೀ!"

ಅವರು ತಿರುಗಿಯೂ ನೋಡಲಿಲ್ಲ.

"ನಾ ಮಡೀಲೇ ಇದ್ದೇನಿ. ನೀನೇ ದೂರ ಸರಿ."

ಸರಿದು ನಿಂತೆ.