ಮೂರು ದಾರಿಯ ನಿಂಬೆಹಣ್ಣು

ಇವತ್ತು ಬೆಳಿಗ್ಗೆ ಚಿತ್ರಾನ್ನಕ್ಕೆಂದು ಒಂದು ನಿಂಬೆಹಣ್ಣು ಕೊಯ್ದೆ. ಎರಡು ಹೋಳೂ ಹಲಗೆಯ ಮೇಲೆ ಅಂಗಾತ ಬಿದ್ದವು. ನಡೆದದ್ದು ಅಷ್ಟೇ. ಆದರೆ ಆ ಹುಳಿವಾಸನೆ ಮೂಗಿಗೆ ಬಡಿದೊಡನೆ ನನ್ನ ಬಲಗಾಲು ತಾನಾಗಿಯೇ ಒಂದು ಹೆಜ್ಜೆ ಹಿಂದಕ್ಕೆ ಸರಿಯಿತು. ಅಡುಗೆಮನೆಯೊಳಗೆ ಲಾರಿ ಬರುವುದಿಲ್ಲವೆಂದು ನನಗೆ ಗೊತ್ತು. ಕಾಲಿಗೆ ಇನ್ನೂ ಗೊತ್ತಾಗಿಲ್ಲ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಕತೆಯನ್ನು ನಾನು ಈಗಾಗಲೇ ಹಲವರಿಗೆ ಹೇಳಿದ್ದೇನೆ, ಹೇಳಿದಾಗಲೆಲ್ಲ ಅದರಲ್ಲಿ ನಾನು ಚೂರುಚೂರೇ ಒಳ್ಳೆಯವನಾಗುತ್ತ ಹೋಗಿದ್ದೇನೆ. ಆದ್ದರಿಂದ ನನ್ನ ಬಗ್ಗೆ ಒಳ್ಳೆಯದೇನಾದರೂ ಕಂಡರೆ ಅಲ್ಲೇ ನಿಂತು, ಎರಡೂ ಕಡೆ ನೋಡಿಕೊಂಡು, ಆಮೇಲೆ ಮುಂದಕ್ಕೆ ಹೋಗಿ.

ಬಾಶೆಟ್ಟಿಹಳ್ಳಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಅದರ ಮುಂದೆಯೇ ಮೂರು ದಾರಿ ಕೂಡುತ್ತವೆ. ಈಚೆಗೆ ಊರು, ಆಚೆಗೆ ಕಾರ್ಖಾನೆಗಳು, ನಡುವೆ ಲಾರಿಗಳು ಓಡುವ ದೊಡ್ಡ ರಸ್ತೆ. ಬೆಳಗಿನ ಶಿಫ್ಟಿಗೆ ಹೋಗುವ ಹೆಂಗಸರು ಊಟದ ಡಬ್ಬಿ ಎದೆಗೊತ್ತಿಕೊಂಡು ಒಂದೇ ಉಸಿರಿಗೆ ಓಡಿ ದಾಟುತ್ತಿದ್ದರು. ರಸ್ತೆಗೆ ಹಂಪ್ ಇರಲಿಲ್ಲ, ಬಿಳಿ ಪಟ್ಟೆಯಿರಲಿಲ್ಲ. ಓಡಲಾಗದವಳು ಒಬ್ಬಳೇ, ರತ್ನಕ್ಕ. ಅದೇ ಜಾಗದಲ್ಲಿ ಬೈಕೊಂದು ಗುದ್ದಿ ಅವಳ ಎಡಗಾಲು ಮಡಚದಂತಾಗಿತ್ತು.

"ಎಲ್ರೂ ಓಡ್ತಾರೆ ಅಣ್ಣ. ನಂಗೆ ನಡೆಯೋಕೆ ಟೈಮ್ ಬೇಕು, ಅಷ್ಟೇ. ಅದನ್ನ ಬರ್ಕೊಡಿ," ಎಂದಳು, ಅರ್ಜಿ ಬರೆಸಲು ಅಂಗಡಿಗೆ ಬಂದು.

ನಾನು ಅಷ್ಟನ್ನೇ ಬರೆಯುವವನೇ? ಮೂರು ಪುಟದ ಅರ್ಜಿ ಮಾಡಿದೆ. ಪಾದಚಾರಿಗಳ ಹಕ್ಕು, ನಾಗರಿಕ ಸಮಾಜದ ಹೊಣೆ, ಎಲ್ಲ ಬಂತು. ಓದಿ ಹೇಳಿದಾಗ ರತ್ನಕ್ಕ ಕೇಳಿದಳು: "ಚೆನ್ನಾಗೈತೆ. ಇದ್ರಲ್ಲಿ ನನ್ ಕಾಲು ಎಲ್ಲೈತೆ?"

ಪಕ್ಕದ ಪಂಕ್ಚರ್ ಅಂಗಡಿಯ ಮುನಿರಾಜು ಊರೆಲ್ಲ ಸುತ್ತಿ ಸಹಿ ಹಾಕಿಸಿದ. ಅರ್ಜಿ ಹೋಯಿತು, ಇನ್ನೊಂದು ಹೋಯಿತು, ಮತ್ತೊಂದು ಹೋಯಿತು. ರಸ್ತೆ ಇಲಾಖೆಯ ಕಚೇರಿಯಿಂದ ಉತ್ತರ ಬರಲಿಲ್ಲ.

ಆಮೇಲೆ ನಿಂಬೆಹಣ್ಣು ಬಂತು. ನಮ್ಮ ಕಡೆ ದೃಷ್ಟಿ ತೆಗೆದದ್ದನ್ನು ಮೂರು ದಾರಿ ಕೂಡುವಲ್ಲಿ ಹಾಕುವುದು ನಿಮಗೆ ಗೊತ್ತೇ ಇದೆ. ಹಾಕಿದವರು ತಿರುಗಿ ನೋಡಬಾರದು. ಬೇರೆಯವರು ಅದನ್ನು ತುಳಿಯಬಾರದು, ದಾಟಬಾರದು. ಒಂದು ಅಮಾವಾಸ್ಯೆಯ ಮಾರನೆಯ ಬೆಳಿಗ್ಗೆ ಯಾರೋ ರಸ್ತೆಯ ನಟ್ಟನಡುವೆ, ಕೊಯ್ದ ನಿಂಬೆಹಣ್ಣಿಗೆ ಕುಂಕುಮ ಮೆತ್ತಿ ಇಟ್ಟಿದ್ದರು. ಬರುವ ಲಾರಿಗಳೆಲ್ಲ ದೂರದಿಂದಲೇ ಬ್ರೇಕ್ ಹಾಕಿ, ಆಮೆಯಂತೆ ಬಳಸಿಕೊಂಡು ಹೋಗುತ್ತಿದ್ದವು.

"ನೋಡ್ಲಾ ಗುರು," ಎಂದ ಮುನಿರಾಜು. "ಸರ್ಕಾರಕ್ಕೆ ಆಗ್ದಿದ್ದು ಒಂದು ನಿಂಬೆಹಣ್ಣಿಗೆ ಆಯ್ತು. ದಿನಾ ನಾವೇ ಇಟ್ರೆ?"

ಈ ಮಾತು ಮುನಿರಾಜುವಿನದೆಂದು ನನ್ನ ನೆನಪು. ಮುನಿರಾಜುವಿನ ನೆನಪಿನಲ್ಲಿ ಅದು ನನ್ನ ಮಾತು. ಯೋಜನೆ ಗೆದ್ದಷ್ಟು ದಿನ ಇಬ್ಬರೂ ಅದು ತಂತಮ್ಮದೇ ಎನ್ನುತ್ತಿದ್ದೆವು ಎಂಬುದನ್ನೂ ಹೇಳಿಬಿಡಬೇಕು.

ಸರದಿ ಮಾಡಿಕೊಂಡೆವು. ಒಂದು ದಿನ ಅವನು, ಒಂದು ದಿನ ನಾನು. ಬೆಳಗಿನ ಜಾವ ಇಡುವುದು, ಪದ್ಧತಿಯಂತೆ ತಿರುಗಿ ನೋಡದೆ ಬರುವುದು. ನಾಟಕಕ್ಕೆ ಈ ನಿಯಮವೇಕೆ ಎಂದು ಕೇಳಬೇಡಿ. ಕತ್ತು ತಾನಾಗಿಯೇ ತಿರುಗುತ್ತಿರಲಿಲ್ಲ. ವಾಹನಗಳು ನಿಧಾನವಾದವು. ನಾವು ಹಲ್ಲು ಕಿರಿದುಕೊಂಡು ಓಡಾಡಿದೆವು. ಒಂದೇ ಒಂದು ಹೋಳಿನ ಮೇಲೂ ಚಕ್ರ ಹರಿಯುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವು ಅಲ್ಲಿರುತ್ತಿರಲಿಲ್ಲ. ತೆಗೆದವರನ್ನು ಯಾರೂ ಕಂಡಿರಲಿಲ್ಲ.

ಒಂದು ವಿಷಯವನ್ನು ಮಾತ್ರ ನಾವು ನೋಡಲೇ ಇಲ್ಲ. ಲಾರಿಯವರು ಹೆದರುವುದಕ್ಕೆ ಊರಿನ ಹೆಂಗಸರೂ ಹೆದರುತ್ತಾರಲ್ಲ! ಅವರೆಲ್ಲ ಮೂರು ದಾರಿ ಬಿಟ್ಟು, ಇನ್ನೂ ಮುಂದಕ್ಕೆ ಹೋಗಿ, ಬರುವ ಗಾಡಿಯೇ ಕಾಣದ ತಿರುವಿನಲ್ಲಿ ಓಡಿ ದಾಟತೊಡಗಿದ್ದರು. ನಾವು ಮಾಡಿದ್ದು ತಾಲ್ಲೂಕಿನಲ್ಲೇ ಅತಿ ಸುರಕ್ಷಿತವಾದ ರಸ್ತೆ. ಅದರ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ.

ಇದು ನನಗೆ ಗೊತ್ತಾದದ್ದು ಇಂಜಿನಿಯರು ಬಂದ ದಿನ. ಹೌದು, ಕೊನೆಗೂ ಬಂದರು, ಯಾವ ಅರ್ಜಿಗೋ ದೇವರೇ ಬಲ್ಲ. ಶಿಫ್ಟಿನ ಹೊತ್ತಿಗೇ ಬಂದು, ದಾಟುವವರನ್ನು ಎಣಿಸಲು ಹಲಗೆಗೆ ಕಾಗದ ಸಿಕ್ಕಿಸಿಕೊಂಡು ನನ್ನ ಅಂಗಡಿಯ ಮುಂದೆ ನಿಂತರು. ಅವತ್ತು ಇಡುವ ಸರದಿ ನನ್ನದು. ಇಟ್ಟಿದ್ದೆ.

"ಒಂದ್ ಗಂಟೆ ಆಯ್ತು. ಒಂದು ನಾಯಿನೂ ದಾಟ್ಲಿಲ್ವಲ್ರೀ ಇಲ್ಲಿ?" ಎಂದರು.

ತಿರುವಿನ ಕಡೆ ನೋಡಿದೆ. ಹೆಂಗಸರ ಗುಂಪು ಅಲ್ಲಿತ್ತು. ಗುಂಪಿನಿಂದ ಒಬ್ಬಳು ಬೇರೆಯಾಗಿ ಈ ಕಡೆಗೆ ಬರುತ್ತಿದ್ದಳು, ಒಂದು ಕಾಲು ಎತ್ತಿ ಒಂದು ಕಾಲು ಎಳೆದು. ರತ್ನಕ್ಕ. ಮೂರು ದಾರಿಗೆ ಬಂದಳು, ಇಂಜಿನಿಯರನ್ನು ನೋಡಿದಳು, ರಸ್ತೆಗಿಳಿದಳು. ಕೈ ಎತ್ತಿದಳು. ಲಾರಿ ನಿಂತಿತು. ನಿಂಬೆಹಣ್ಣಿನ ಹತ್ತಿರ ಬಂದು, ಮಡಚದ ಆ ಕಾಲನ್ನು ಎತ್ತಿ ಅದರ ಮೇಲಿಂದಲೇ ಆಚೆಗೆ ಇಟ್ಟಳು.

ನಾನು ಅವಳ ಹಿಂದೆಯೇ ದಾಟಿದೆ. ಹಾಗೆಂದು ಬಹಳ ಜನಕ್ಕೆ ಹೇಳಿದ್ದೇನೆ. ಒಮ್ಮೆ ಮುನಿರಾಜುವಿನ ಎದುರಿಗೇ ಹೇಳಿಬಿಟ್ಟೆ.

"ನೀನೆಲ್ಲಿ ದಾಟ್ದೆ ಗುರು?" ಎಂದು ನಕ್ಕ. "ನನ್ ಅಂಗಡಿ ಟೈರ್ ತಬ್ಕೊಂಡು ನಿಂತಿದ್ಯಲ್ಲ. ಬಿಡಿಸ್ಕೊಳೋಕೆ ಸಾಕಾಯ್ತು ನಂಗೆ."

ಟೈರಿನ ರಬ್ಬರು ವಾಸನೆ ನೆನಪಿದೆ. ಅವನ ಮಾತು ನಿಜವಿರಬೇಕು.

ಇಂಜಿನಿಯರು ಕಾಗದದ ಮೇಲೆ ಒಂದು ಗೀಟು ಎಳೆದರು. ಒಬ್ಬರು. "ಒಬ್ರಿಗೋಸ್ಕರ ಹಂಪ್ ಹಾಕ್ಸೋಕಾಗಲ್ಲ. ಮೊದ್ಲು ಜನ ದಾಟ್ಲಿ, ಆಮೇಲೆ ನೋಡೋಣ," ಎಂದು ಜೀಪು ಹತ್ತಿದರು.

ಅವತ್ತೇ ಸಂಜೆ ಮೂವರೂ ಸೇರಿ ಇದನ್ನು ನಿಲ್ಲಿಸುವುದೆಂದು ತೀರ್ಮಾನಿಸಿದೆವು. ಆಗ ರತ್ನಕ್ಕ, ಚಪ್ಪಲಿಯ ಮಣ್ಣು ಕೊಡವುತ್ತ, ಸುಮ್ಮನೆ ಒಂದು ಮಾತು ಹೇಳಿದಳು.

"ನಾನು ಬಿದ್ದ ದಿನಾನೂ ಒಂದು ನಿಂಬೆಹಣ್ಣು ಅಲ್ಲಿತ್ತು ಅಣ್ಣ. ಅದನ್ನ ತಪ್ಪಿಸೋಕೆ ಹೋಗೇ ಆ ಬೈಕಿನೋನು ನಂಗೆ ಗುದ್ದಿದ್ದು."

"ಮೊದ್ಲೇ ಯಾಕೆ ಹೇಳ್ಲಿಲ್ಲ ರತ್ನಕ್ಕ?"

"ನೀವಿಬ್ರೂ ಅಷ್ಟು ಖುಷಿಯಾಗಿದ್ರಿ."

ಮಾರನೆಯ ಬೆಳಿಗ್ಗೆ ನೋಡಿದರೆ ನಿಂಬೆಹಣ್ಣು ಅಲ್ಲೇ ಇತ್ತು. ಹೋಳು ಅಂಗಾತ, ಕುಂಕುಮ ಇನ್ನೂ ಹಸಿ. ಮುನಿರಾಜು ತಾನಲ್ಲವೆಂದು ಮಕ್ಕಳ ಮೇಲೆ ಆಣೆ ಇಟ್ಟ. ನಾನೂ ಇಟ್ಟೆ. ಅದರ ಮಾರನೆಯ ದಿನವೂ ಇತ್ತು. ಇವತ್ತಿಗೂ ಇರುತ್ತದೆ. ರತ್ನಕ್ಕ ದಿನವೂ ಒಬ್ಬಳೇ ಅದನ್ನು ದಾಟಿಕೊಂಡು ಹೋಗುತ್ತಾಳೆ, ಮಿಕ್ಕವರು ತಿರುವಿಗೆ ಹೋಗುತ್ತಾರೆ. ನಾನು ಷಟರ್ ಅರ್ಧ ಎತ್ತಿ, ಅದರ ಕೆಳಗಿಂದ ಅವಳ ಕಾಲುಗಳನ್ನಷ್ಟೇ ನೋಡುತ್ತೇನೆ.

ಇವತ್ತು ಬೆಳಿಗ್ಗೆ ನನ್ನ ಕಾಲು ಹಿಂದಕ್ಕೆ ಸರಿದಾಗ ನನಗೇ ನಾಚಿಕೆಯಾಯಿತು. ಹೋಳುಗಳನ್ನು ಹಲಗೆಯ ಮೇಲೆಯೇ ಬಿಟ್ಟು, ಮೂರು ದಾರಿಗೆ ಹೋಗಿ ನಿಂತೆ.

"ಏನಣ್ಣ, ಇಷ್ಟ್ ಬೇಗ? ಆಚೆ ಏನ್ ಕೆಲ್ಸ?" ಎಂದಳು ರತ್ನಕ್ಕ.

"ಏನೂ ಇಲ್ಲ. ದಾಟೋಣ ಅಂತ."

ಅವಳು ನನ್ನನ್ನು ಅಳೆಯುವಂತೆ ನೋಡಿದಳು. "ಬನ್ನಿ ಹಂಗಾದ್ರೆ. ಓಡ್ಬಾರ್ದು ಮತ್ತೆ. ನನ್ ಕಾಲಿನ ಜೊತೆ ನಡೀಬೇಕು."

ರಸ್ತೆ ಇಷ್ಟು ಅಗಲವೆಂದು ನನಗೆ ಗೊತ್ತೇ ಇರಲಿಲ್ಲ. ಲಾರಿಯೊಂದು ನಿಂತು ಗುರುಗುಡುತ್ತಿತ್ತು. ಅವಳು ನಿಂಬೆಹಣ್ಣಿನ ಮೇಲಿಂದ ಕಾಲೆತ್ತಿ ಇಟ್ಟಳು. ನಾನೂ ಎತ್ತಿ ಇಟ್ಟೆ. ಏನೂ ಆಗಲಿಲ್ಲ. ಆಮೇಲೆ ಹಿಂದೆ ಚಪ್ಪಲಿಯ ಸದ್ದು ಕೇಳಿಸಿತು. ಮೊದಲು ಒಂದು ಜೊತೆ, ಆಮೇಲೆ ಹಲವು. ಡಬ್ಬಿಯೊಳಗೆ ಚಮಚ ಅಲುಗುವ ಸದ್ದು. ಯಾರ ಮಾತೂ ಇಲ್ಲ. ಹೆಂಗಸರು ಬಂದರೆಂದು ತಿರುಗಲು ಹೋದೆ. ರತ್ನಕ್ಕ ಮಣಿಕಟ್ಟು ಹಿಡಿದಳು.

"ತಿರುಗ್ಬೇಡಿ. ಇಟ್ಟೋರು ತಿರುಗಿ ನೋಡಂಗಿಲ್ಲ."

"ಇವತ್ತು ನಾನಿಟ್ಟಿಲ್ಲ ರತ್ನಕ್ಕ."

ಅವಳು ನನ್ನ ಬೆರಳುಗಳನ್ನು ನೋಡಿದಳು. ಅವುಗಳಿಂದ ಹುಳಿವಾಸನೆ ಬರುತ್ತಿತ್ತು.

ಎರಡು ಹೋಳನ್ನೂ ಹಲಗೆಯ ಮೇಲೆ ಬಿಟ್ಟು ಬಂದೆನೆಂದು ನನ್ನ ನೆನಪು. ಮನೆಗೆ ಹೋಗಿ ನೋಡಿದರೆ ತಿಳಿದೀತು. ಇನ್ನೂ ಹೋಗಿಲ್ಲ, ಅಂಗಡಿಯಲ್ಲೇ ಕೂತು ಹೊಸ ಅರ್ಜಿ ಬರೆಯುತ್ತಿದ್ದೇನೆ. ಈ ಸಲ ಒಂದೇ ಸಾಲು: ರತ್ನಮ್ಮ ಎಂಬುವರಿಗೆ ಇಲ್ಲಿ ನಡೆದು ದಾಟಲು ಸಮಯ ಬೇಕು. ಹಿಂದೆ ಬರುತ್ತಿದ್ದವರು ಎಷ್ಟು ಜನ, ಯಾರು ಯಾರು, ನಾನು ನೋಡಿಲ್ಲ. ದಾಟಿದವರು ಇಬ್ಬರು ಎಂದಷ್ಟೇ ಅದರ ಕೆಳಗೆ ಬರೆದಿದ್ದೇನೆ.